ಗ್ಲೌಸ್ ಹಾಕಿದ ದಿನ

ಅಮ್ಮ,

ನೀನು ಇಪ್ಪತ್ತೆರಡು ವರ್ಷ ಗೇರುಬೀಜ ಒಡೆದ ಕಾರ್ಕಳದ ಕಾರ್ಖಾನೆಯಲ್ಲೇ ಈಗ ನಾನು ಆಫೀಸರು. ಅದನ್ನು ನೋಡಲು ನೀನಿಲ್ಲ. ಇವತ್ತಂತೂ ಇಲ್ಲದಿದ್ದದ್ದೇ ಒಳ್ಳೆಯದಾಯಿತು.

ನಮ್ಮ ಬೀಜ ಕೊಳ್ಳುವ ಜರ್ಮನಿಯ ಕಂಪನಿಯಿಂದ ಒಬ್ಬ ಹೆಂಗಸು ಬಂದಿದ್ದರು, ಕೆಲಸದವರನ್ನು ಹೇಗೆ ನೋಡಿಕೊಳ್ಳುತ್ತೇವೆಂದು ಪರಿಶೀಲಿಸಲು. ಕೆಲಸದವರ ತುಳುವನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುವ ಕೆಲಸ ನನ್ನದು. ಬೆಳಿಗ್ಗೆಯೇ ಎಲ್ಲರಿಗೂ ಹೊಸ ಗ್ಲೌಸ್ ಹಂಚಿದ್ದೆ. ನಿನ್ನ ಪಕ್ಕ ಕೂರುತ್ತಿದ್ದ ಜಲಜಕ್ಕ, ಅಭ್ಯಾಸಬಲದಿಂದ, ಗ್ಲೌಸ್ ಹಾಕಿದ ಕೈಯನ್ನೇ ಬೂದಿಯ ಬಟ್ಟಲಿಗೆ ಅದ್ದಿದರು.

ಬೂದಿ ಯಾಕೆಂದು ಆ ಹೆಂಗಸು ಕೇಳಿದರು.

"ಸಿಪ್ಪೆಯ ಎಣ್ಣೆ ಕೈ ಸುಡ್ತದಲ್ವಾ? ಗ್ಲೌಸ್ ಇವತ್ತಿಗೆ ಮಾತ್ರ. ನಾಳೆಗೆ ಬೂದಿಯೇ ಉಂಟು" ಎಂದರು ಜಲಜಕ್ಕ.

ಗ್ಲೌಸ್ ಇದ್ದರೂ ಹಳೆಯ ರೂಢಿ ಬಿಟ್ಟಿಲ್ಲವಂತೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಕ್ಕು ಬರೆದುಕೊಂಡರು. ಜಲಜಕ್ಕನಿಗೆ ಇಂಗ್ಲಿಷ್ ಬಾರದು. ಆದರೂ ನನ್ನ ಮುಖ ನೋಡಿ, "ನೀನು ಗುಣವತಿಯ ಮಗಳಲ್ವಾ" ಎಂದರು, ಅಷ್ಟೆ.

ಎಣ್ಣೆಯಿಂದ ನಿನ್ನ ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ರೇಷನ್ ಅಂಗಡಿಯ ಯಂತ್ರ ನಿನ್ನ ಹೆಬ್ಬೆರಳನ್ನು ಗುರುತಿಸುತ್ತಲೇ ಇರಲಿಲ್ಲ. ನೀನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಇಡುತ್ತಿದ್ದೆ. ಕಾಲೇಜಿನ ಗೆಳತಿಯರು ನೋಡಿಯಾರೆಂದು ನಾನು ದೂರ ನಿಲ್ಲುತ್ತಿದ್ದೆ.

ಸಂಜೆ ಗ್ಲೌಸ್‌ಗಳನ್ನೆಲ್ಲ ವಾಪಸ್ ತೆಗೆದುಕೊಂಡು ಕಪಾಟಿನಲ್ಲಿಟ್ಟೆ. ಹೊರಡುವಾಗ ಹಾಜರಿ ಯಂತ್ರದ ಮೇಲೆ ಹೆಬ್ಬೆರಳಿಟ್ಟೆ. ಮೊದಲ ಸಲಕ್ಕೇ ಗುರುತಿಸಿತು.