ಚಂದ್ರಕಾಂತದ ಅರ್ಧ ಹೋಳು

ಅಪ್ಪನ ಕೆಲಸದ ಕೋಣೆ,
ಹನ್ನೆರಡನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಅತ್ತಿಗೆ ಆರಾಮಾಗಿದ್ದಾರಾ? ಒಂಬತ್ತು ವರ್ಷದಲ್ಲಿ ನೀನು ಬರೆದದ್ದು ಮೂರೇ ಕಾಗದ, ಅದರಲ್ಲೂ ಎರಡರ ತುಂಬ ಬರೀ ಹವಾಮಾನ. ಜಿಪುಣ! ಅಮ್ಮ ಚೆನ್ನಾಗಿದ್ದಾಳೆ. ಅವಳ ಕಿವಿ ಮಾತ್ರ ತನಗೆ ಬೇಕಾದದ್ದನ್ನಷ್ಟೇ ಕೇಳಿಸಿಕೊಳ್ಳುತ್ತದೆ.

ಅಪ್ಪ ಹೋಗಿ ವರ್ಷವಾಯಿತು. ಹರಳು ಉಜ್ಜುವ ಅವರ ಸಾಣೆಯ ಮುಂದೆ ಈಗ ನಾನು ಕೂರುತ್ತೇನೆ. ನಿನ್ನೆ ಡ್ರಾಯರಿನ ತಳದಲ್ಲಿ, ಹತ್ತಿಯಲ್ಲಿ ಸುತ್ತಿಟ್ಟ ಆ ಚಂದ್ರಕಾಂತದ ಕಲ್ಲು ಸಿಕ್ಕಿತು. ನೀನು ಸಾಣೆಗೆ ಹಿಡಿದಾಗ ಎರಡು ಹೋಳಾಯಿತಲ್ಲ, ಅದೇ. ಒಂದು ಹೋಳನ್ನು ಅಪ್ಪ ಯಾರಿಗೂ ಹೇಳದೆ ಗುಮ್ಮಟದಂತೆ ಉಜ್ಜಿ ಮುಗಿಸಿದ್ದಾರೆ. ಕಿಟಕಿಯ ಬಿಸಿಲಿಗೆ ಹಿಡಿದು ಓರೆ ಮಾಡಿದರೆ ಒಳಗೊಂದು ನೀಲಿ ಬೆಳಕು ಎದ್ದು, ಮೆಲ್ಲಗೆ ನಡೆದು, ಒಡೆದ ಅಂಚಿಗೆ ಬಂದು ನಿಂತುಬಿಡುತ್ತದೆ. ಬಾಗಿಲ ತನಕ ಬಂದು ಒಳಗೆ ಬಾರದವರ ಹಾಗೆ. ವಜ್ರದ ಹಾಗೆ ಇದು ಕಣ್ಣು ಕುಕ್ಕುವುದಿಲ್ಲ, ಹುಡುಕಿದವರಿಗಷ್ಟೇ ಸಿಗುತ್ತದೆ. ಪದರಗಳ ನಡುವಿನ ಬೆಳಕು ಅದು; ಕಲ್ಲು ಸೀಳುವುದೂ ಅದೇ ಪದರಗಳಲ್ಲಿ. ನೋಡು, ಕಲಿಸಿದವನಿಗೇ ಪಾಠ ಹೇಳುತ್ತಿದ್ದೇನೆ!

ನಿನ್ನೆಯಿಂದ ಇಲ್ಲಿ ಒಬ್ಬಳೇ ಕೂರಲು ಭಯ. ಸಾಣೆ ನಿಲ್ಲಿಸಿದ ಮೇಲೂ ಅದರ ಸದ್ದು ನಿಲ್ಲುವುದಿಲ್ಲ. ಬೆನ್ನ ಹಿಂದೆ ಅಪ್ಪ ಕೆಮ್ಮಿದ ಹಾಗಾಗುತ್ತದೆ. ಹೊಸ ಕಲ್ಲು ಬಂದಾಗ ಅವರು ಹಾಗೇ ಕೆಮ್ಮಿ, ಮೊದಲು ನನ್ನ ಕೈಗೆ ಕೊಟ್ಟು, "ನಿನ್ನ ಕಣ್ಣು ಎಳೇದು, ನೋಡೇ, ಬಿರುಕಿದ್ಯಾ?" ಅನ್ನುತ್ತಿದ್ದರು. ನಾನು ಅದನ್ನು ನೀರಲ್ಲಿ ಅದ್ದಿ, ದೀಪಕ್ಕೆ ಹಿಡಿದು, "ಇಲ್ಲ" ಅಂದ ಮೇಲೆಯೇ ಕಲ್ಲು ಸಾಣೆಗೆ. ಚಂದ್ರಕಾಂತ ಹೋಳಾದ ದಿನ ಅಪ್ಪ ನಿನಗೆ "ಇನ್ನು ನನ್ನ ಸಾಣೆ ಮುಟ್ಬೇಡ" ಅಂದರು. ನೀನು ಚೀಲ ಹಿಡಿದು ಹೊರಟೆ. ಕೊನೆಯ ವಾರ ಅವರು ನನ್ನನ್ನು ಕೇಳುತ್ತಿದ್ದುದು ಒಂದೇ ಮಾತು: "ಅವನ್ಯಾಕೆ ಅಷ್ಟು ಒತ್ತಿ ಹಿಡಿದ?" ನಾನು ಅವರ ಕಾಲು ಒತ್ತುತ್ತಿದ್ದೆ.

ಅತ್ತಿಗೆಗೆ ನಮಸ್ಕಾರ ತಿಳಿಸು, ಮಗುವಿನ ಕೆನ್ನೆಗೊಂದು ಮುತ್ತು. ನಿನ್ನ ಕೈಗಳು ಜೋಪಾನ.

ನಿನ್ನ ತಂಗಿ,
ಗೂಬೆಕಣ್ಣಿ

ಇನ್ನೊಂದು ಮಾತು: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಅಣ್ಣಾ, ಅವತ್ತು ಬೆಳಗ್ಗೆ ಕಲ್ಲು ನನ್ನ ಕೈಜಾರಿ ನೆಲಕ್ಕೆ ಬಿದ್ದಿತ್ತು. ದೀಪಕ್ಕೆ ಹಿಡಿದಾಗ ಒಳಗೆ ಕೂದಲೆಳೆಯಷ್ಟು ಬಿರುಕು ಕಂಡಿತ್ತು. ಆದರೂ "ಇಲ್ಲ" ಅಂದೆ. ನೀನು ಒತ್ತಿರಲೇ ಇಲ್ಲ. ಅಪ್ಪನಿಗೆ ಹೇಳಲು ಎಂಟು ವರ್ಷವಿತ್ತು, ಹೇಳಲಿಲ್ಲ. ಸಾಣೆ ನಿನ್ನದು, ಬಾ. ಬರಲು ಮನಸ್ಸಾಗದಿದ್ದರೆ ಬಾಯಿಗೆ ಬಂದ ಹಾಗೆ ಬೈದು ಒಂದು ಕಾಗದ ಬರಿ. ಹವಾಮಾನ ಮಾತ್ರ ಬೇಡ.