ನೀರುನಾಯಿ ಕೇಳಿದರೆ ನೀನು ಹೇಳಬೇಡ

ವೆಂಡೆಲ್,

ನಾನು ಆಸ್ಪತ್ರೆ ಡ್ಯೂಟಿಗೆ ಹೊರಟೆ. ಇಂಗ್ರಿಡ್ ಎದ್ದ ಮೇಲೆ ಓಟ್ಸ್ ಗಂಜಿ ಕೊಡು, ಮೇಪಲ್ ಪಾಕ ಒಂದೇ ಚಮಚ. ಆಮೇಲೆ ಟಿವಿಯಲ್ಲಿ ಅವಳ ನೀರುನಾಯಿ ಕಾರ್ಟೂನ್ ಹಾಕು.

ಅದು "ಸೇತುವೆ ಎಲ್ಲಿದೆ ಮಕ್ಕಳೇ?" ಅಂತ ಕೇಳಿ, ಕಣ್ಣು ಪಿಳಿಪಿಳಿ ಬಿಡ್ತಾ ಕಾಯುತ್ತಲ್ಲ, ಆಗ ದಯವಿಟ್ಟು ಬಾಯಿಗೆ ಬೀಗ ಹಾಕ್ಕೋ. ಕೇಳೋದು ಮೂರು ವರ್ಷದವಳನ್ನ, ನಿನ್ನನ್ನಲ್ಲ. ಮೊನ್ನೆ ನೀನು ಮೊದಲೇ ಕೂಗಿಬಿಟ್ಟೆ ಅಂತ, "ಅಪ್ಪ ನನ್ನ ಉತ್ತರ ಕದ್ದ" ಅಂತ ಎಷ್ಟು ರಂಪ ಮಾಡಿದಳು!

ನಿನ್ನೆ ಅವಳು ನಿನ್ನ ತೊಡೆ ಮೇಲೆ ನಿದ್ದೆ ಹೋಗಿದ್ದಳು. ಆದರೂ ನೀನು ಮೆಲ್ಲಗೆ "ನಿನ್ನ ಹಿಂದೇನೇ ಇದೆ ಕಣೋ" ಅಂತ ಆ ನೀರುನಾಯಿಗೆ ಹೇಳಿದೆ.

ಅಡುಗೆಮನೆಯಲ್ಲಿ ನಾನು ನಿನಗಿಂತ ಮೊದಲೇ ಉತ್ತರ ಹೇಳಿಬಿಟ್ಟಿದ್ದೆ.

ಮಾರ್ನಿ