ಜೀಪು ಓಡಿಸಿದವರಿಗೆ

ಸಿಖ್ ಪಂಚಾಂಗ ನಾನಕಶಾಹಿ ೭೦೨ರ ವೈಶಾಖ
ಬೀದರ್

ಮಾನ್ಯರೇ,

ನೀವು ಕಾಣಲಾಗದ, ನೂರೈವತ್ತಕ್ಕೂ ಹೆಚ್ಚು ವರ್ಷ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ. ನನ್ನ ಪಂಜಾಬಿ ಐದು ತಲೆಮಾರಿನಲ್ಲಿ ಸವೆದುಹೋಗಿದೆ, ಕನ್ನಡ ಬಲ್ಲವರಿಂದ ಓದಿಸಿಕೊಳ್ಳಿ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಅದೊಂದಕ್ಕೆ ಮಾತ್ರ ನಾನು ಕ್ಷಮೆ ಕೇಳುವುದು.

ಪಂಜಾಬಿನ ಗೋಧಿ ಹೊಲವೊಂದರಿಂದ ಬಲಕಾರ್ ಸಿಂಗರನ್ನು ಪೊಲೀಸ್ ಜೀಪಿನಲ್ಲಿ ಒಯ್ದಿರಿ. ವಿಚಾರಣೆ ಮುಗಿಸಿ ಸಂಜೆಗೆ ಕಳಿಸುತ್ತೇವೆ ಎಂದ ನಿಮ್ಮ ಸಾಹೇಬರು ಮರುದಿನ, ಅಂಥವನನ್ನು ಕರೆತಂದೇ ಇಲ್ಲ ಎಂದರು. ಬಲಕಾರರ ಹೆಂಡತಿ ತೇಜ್ ಕೌರ್ ಠಾಣೆ, ಕೋರ್ಟು ಅಲೆದರು. ಬೆದರಿಕೆ ಮಗುವಿನವರೆಗೂ ಬಂದಾಗ ಅದನ್ನೆತ್ತಿಕೊಂಡು ಬೀದರಿನ ಅಣ್ಣನ ಮನೆ ಸೇರಿದರು. ಆ ಮಗುವಿನ ಮರಿಮಗಳ ಮಗಳು ನಾನು, ಗುರ್ಲೀನ್.

ನಮ್ಮಲ್ಲಿ ಸತ್ತವರಿಗೆ ಕೊನೆಯ ಅರ್ದಾಸ್, ಅಂದರೆ ಬೀಳ್ಕೊಡುವ ಪ್ರಾರ್ಥನೆ, ಮಾಡುತ್ತೇವೆ. ಬಲಕಾರರಿಗೆ ಅದು ಇವತ್ತಿಗೂ ಆಗಿಲ್ಲ. ಬಂಧುಗಳು ಒತ್ತಾಯಿಸಿದಾಗ ತೇಜ್ ಕೌರ್, "ಒಯ್ದವ್ರು ಬಂದು ಸತ್ತಾರ ಅಂತ ಹೇಳ್ಲಿ. ಅಲ್ಲೀತನಕ ನಾ ಹ್ಯಾಂಗ ಕಳಿಸ್ಲಿ?" ಅಂದಿದ್ದರಂತೆ. ಪ್ರತಿ ಬೈಸಾಖಿ ಹಬ್ಬಕ್ಕೆ ಬಲಕಾರರ ಪಗಡಿ ಒಗೆದು, ಮನೆಯ ಇಬ್ಬರು ಎರಡು ತುದಿ ಹಿಡಿದು ಎಳೆದು ಮಡಿಚಿಡುತ್ತಿದ್ದರು. ಬಟ್ಟೆ ಹರಿದಾಗಲೆಲ್ಲ ಹೊಸದು ಬಂತು, ಎಳೆಯುವ ಕೈಗಳೂ ಬದಲಾದವು. ಈ ವರ್ಷ ನಾನೂ ಮೊಮ್ಮಗಳೂ ಎಳೆದೆವು. ಯಾರದಿದು ಎಂದು ಅವಳು ಕೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ.

ನಮ್ಮ ಕಾಲದಲ್ಲಿ ಖಾಲಿ ಕಟಕಟೆ ಎಂಬ ನ್ಯಾಯಾಲಯವಿದೆ. ಅಲ್ಲಿ ಸತ್ತ ಆರೋಪಿಗಳ ವಿಚಾರಣೆ ನಡೆಯುತ್ತದೆ. ನಿಮ್ಮ ಸಾಹೇಬರು ಅಪರಾಧಿ ಎಂದು ತೀರ್ಪಾಯಿತು. ಯಾರೂ ನಿಂತಿರದ ಕಟಕಟೆಗೆ ನ್ಯಾಯಾಧೀಶರು ಶಿಕ್ಷೆ ಓದಿದರು. ನನಗೆ ಸಮಾಧಾನವಾಗಲಿಲ್ಲ, ಮೈಯೆಲ್ಲ ಉರಿಯಿತು. ಮಣ್ಣುಗಿವಿ ಎಂಬ ಯಂತ್ರವೂ ಇದೆ. ನೆಲಕ್ಕಿಟ್ಟರೆ ಒಳಗಿನ ಮೂಳೆ ಯಾರದೆಂದು ಹೇಳುತ್ತದೆ. ಆದರೆ ಎಲ್ಲಿಡಬೇಕೆಂದು ನಾವು ಹೇಳಬೇಕು. ಅದು ನಿಮಗೆ ಗೊತ್ತಿತ್ತು, ನೀವು ಹೇಳದೆ ಸತ್ತಿರಿ.

ಈ ಪತ್ರ ಹಿಂದಕ್ಕೆ ಹೋಗಿ ನಿಮ್ಮ ಕಾಲವನ್ನು ಮುಟ್ಟುವ ಹೊತ್ತಿಗೆ ನೀವಿನ್ನೂ ಬದುಕಿದ್ದೀರಿ, ನಿಮ್ಮ ಸಾಹೇಬರೂ ಇದ್ದಾರೆ. ಕೋರ್ಟಿಗೆ ಹೋಗಿ ಹೇಳಿ. ಅದಕ್ಕೂ ಮೊದಲು ಬೀದರಿಗೆ ಬನ್ನಿ. ತೇಜ್ ಕೌರ್ ದಿನವೂ ಗುರುದ್ವಾರದ ಊಟದ ಮನೆ ಲಂಗರಿನಲ್ಲಿ ರೊಟ್ಟಿ ಮಾಡುತ್ತಾರೆ. ಅಲ್ಲಿ ಬಂದವರ ಹೆಸರು ಕೇಳದೆ ಊಟಕ್ಕೆ ಕೂರಿಸುತ್ತಾರೆ, ನಿಮ್ಮನ್ನೂ ಕೂರಿಸುತ್ತಾರೆ. ಊಟ ಮಾಡಿ. ಆಮೇಲೆ ಅವರ ಮುಂದೆ ನಿಂತು, ಎಲ್ಲಿ ಎಂದು ಹೇಳಿ.